ಚಿಕ್ಕಮ್ಮ ಸಾಕಿದ ದೇವಕಣಗಿಲೆ

ಆ ಬೀದಿಯವರೆಲ್ಲ ಅವಳನ್ನು ಚಿಕ್ಕಮ್ಮ ಅಂತಲೇ ಕರೆಯುತ್ತಿದ್ದರು. ಅವಳಿಗಿಂತ ಎಷ್ಟೋ ವರ್ಷ ದೊಡ್ಡವನಾದ ಎದುರುಮನೆ ಇಸ್ತ್ರಿಯವನ ಬಾಯಲ್ಲೂ ಅವಳು ಚಿಕ್ಕಮ್ಮನೇ. ಶುರುಮಾಡಿದವಳು ಟೈಲರ್ ಮಾಸ್ತರರ ಮಗಳು. ಅಪ್ಪ ಎರಡನೇ ಹೆಂಡತಿಯನ್ನು ಮನೆಗೆ ತಂದಾಗ ಆ ಹುಡುಗಿಯ ಹೈಸ್ಕೂಲು ಮುಗಿಯುತ್ತ ಬಂದಿತ್ತು. ಅಮ್ಮ ಅನ್ನಲು ಬಾಯಿ ಬರಲಿಲ್ಲ, ಹೆಸರು ಹಿಡಿದು ಕರೆಯಲು ಧೈರ್ಯ ಬರಲಿಲ್ಲ, ಚಿಕ್ಕಮ್ಮ ಅಂದುಬಿಟ್ಟಳು. ಬಟ್ಟೆ ಹೊಲಿಸಲು ಬಂದ ಗಿರಾಕಿಗಳು ಕೇಳಿಸಿಕೊಂಡು ಅವರೂ ಹಾಗೇ ಅಂದರು. ಯಾರಿಗೂ ಅಮ್ಮನಾಗದೆ, ಯಾರಿಗೂ ಅಕ್ಕನಾಗದೆ, ಇಡೀ ಬೀದಿಗೆ ಚಿಕ್ಕಮ್ಮನಾಗಿ ಅವಳ ಸಂಸಾರ ಶುರುವಾಯಿತು. ಆ ಒಂದು ಮಾತಿನಲ್ಲೇ, ನಿನಗಿಂತ ಮೊದಲು ಇನ್ನೊಬ್ಬಳಿದ್ದಳು ಅಂತ ದಿನಕ್ಕೆ ನೂರು ಸಲ ನೆನಪು ಮಾಡಿಕೊಟ್ಟಂತಾಗುತ್ತದೆ ಎಂದು ಆ ಮಹಾನುಭಾವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಮಿಶಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಹೊಲಿದದ್ದನ್ನು ನೇತುಹಾಕಲು ಗೋಡೆಗೊಂದು ಕಂಬಿ, ಮೇಜಿನ ಕೆಳಗೆ ಚಿಂದಿ ತುಂಬಿದ ಚೀಲ. ಮಾಸ್ತರು ಕತ್ತರಿಸಿ ಹೊಲಿಯುತ್ತಿದ್ದರು. ಚಿಕ್ಕಮ್ಮ ಬಾಗಿಲ ಬೆಳಕಿಗೆ ಮಣೆ ಹಾಕಿಕೊಂಡು ಕೂತು ಗುಂಡಿ ತೂತಿನ ಸುತ್ತ ದಾರದ ಕಾಜಾ ಹಾಕುತ್ತಿದ್ದಳು, ಗುಂಡಿ ಹಚ್ಚುತ್ತಿದ್ದಳು, ಪ್ಯಾಂಟಿನ ಅಂಚು ಮಡಿಸಿ ಹೊಲಿಯುತ್ತಿದ್ದಳು. ಅವಳ ಕೈಯ ಕಾಜಾ ಅಂದರೆ ಅಚ್ಚು ಹಾಕಿದಂತೆ. ಆದರೆ ಮಾಸ್ತರರ ಬಾಯಿಂದ ಒಳ್ಳೇ ಮಾತು ಬರಬೇಕಾದರೆ ನೀವು ಮೊದಲು ಸಾಯಬೇಕು. ಅಂಗಿಯನ್ನು ಬೆಳಕಿಗೆ ಹಿಡಿದು, "ಪರವಾಗಿಲ್ಲ. ಅವಳು ಹಾಕಿದ್ದು ಇನ್ನೂ ಬಿಗಿಯಾಗಿರ್ತಿತ್ತು" ಅನ್ನುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೂ ಅವಳು, ಕಡಿಮೆಯಾದರೂ ಅವಳು. ಸತ್ತವರಿಗೆ ಇರುವ ಅನುಕೂಲ ಏನೆಂದರೆ ಅವರು ಮತ್ತೆ ತಪ್ಪು ಮಾಡುವುದಿಲ್ಲ.

ಆ ಮೊದಲಿನವಳು ಬಿಟ್ಟುಹೋದದ್ದರಲ್ಲಿ ಉಸಿರಾಡುತ್ತಿದ್ದದ್ದು ಎರಡೇ. ಒಂದು ಮಗಳು, ಇನ್ನೊಂದು ಹಿತ್ತಲಿನ ಸಿಮೆಂಟು ತೊಟ್ಟಿಯಲ್ಲಿದ್ದ ದೇವಕಣಗಿಲೆ ಗಿಡ. ಯಾರದೋ ಮನೆಯಿಂದ ಮೊಳದುದ್ದದ ಒಂದು ಬೋಳು ಕಡ್ಡಿ ತಂದು ನೆಟ್ಟಿದ್ದಳಂತೆ. "ಬಿಳೀದಾ, ಕೆಂಪಾ, ಹಳದೀದಾ?" ಅಂತ ಮಾಸ್ತರು ಕೇಳಿದ್ದಕ್ಕೆ, "ಬಿಟ್ಟಾಗ ನೋಡಿ, ಈಗಲೇ ಹೇಳಿದ್ರೆ ಏನು ಮಜಾ" ಅಂದಳಂತೆ. ಕಡ್ಡಿ ಚಿಗುರಿತು, ಅವಳು ಸಣ್ಣದೊಂದು ಆಪರೇಷನ್ನಿಗೆ ಅಂತ ಆಸ್ಪತ್ರೆಗೆ ಹೋದವಳು ವಾಪಸ್ಸು ಬರಲಿಲ್ಲ. ಯಾರ ಮನೆಯಿಂದ ತಂದಿದ್ದಳೋ ಅದೂ ಅವಳ ಜೊತೆಗೇ ಹೋಯಿತು. ಅಪ್ಪ ಮಗಳು ಇಬ್ಬರೂ ಆ ಗಿಡ ಯಾವಾಗ ಹೂ ಬಿಟ್ಟೀತು ಅಂತ ಕಾಯುತ್ತ ಕೂತರು. ಬಣ್ಣ ಯಾವುದೆಂದು ತಿಳಿದರೆ ಅವಳ ಬಾಯಿಂದ ಬಾಕಿ ಉಳಿದ ಕೊನೆಯ ಮಾತು ಕೇಳಿಸಿದಂತೆ ಅವರಿಗೆ.

ಚಿಕ್ಕಮ್ಮ ಹುಟ್ಟಾ ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಬಂದ ಹೊಸದರಲ್ಲಿ ಆ ಗಿಡವನ್ನು ಅವಳು ಮನಸ್ಸಿಟ್ಟೇ ಸಾಕಿದಳು. ನಾನು ಅರಳಿಸಿ ತೋರಿಸುತ್ತೇನೆ, ಆಗಲಾದರೂ ಈ ಮನುಷ್ಯ ನನ್ನ ಮುಖ ನೋಡಿಯಾನು ಎಂಬ ಆಸೆ. ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ನೀರು. ತಿಂಗಳಿಗೊಮ್ಮೆ ಹಿಡಿ ಯೂರಿಯಾ. ಬಿಸಿಲು ತಾಗಿ ಬಾಡೀತೆಂದು ತೊಟ್ಟಿಯನ್ನು ತಗಡಿನ ಚಪ್ಪರದ ಕೆಳಗೆ ಸರಿಸಿದಳು. ಗಿಡ ತೋಳುದ್ದದ ಎಲೆ ಬಿಟ್ಟು, ಮದುವೆಮನೆಯಲ್ಲಿ ಕೆಲಸವಿಲ್ಲದೆ ಓಡಾಡುವ ನೆಂಟನಂತೆ ಮಿರಮಿರ ಮಿಂಚುತ್ತಿತ್ತು. ಹೂವಿನ ಸುದ್ದಿಯೇ ಇಲ್ಲ.

ತಳ್ಳುಗಾಡಿಯಲ್ಲಿ ಸಸಿ ಮಾರುವವನೊಬ್ಬ ಆ ಬೀದಿಗೆ ಬರುತ್ತಿದ್ದ. ಒಂದು ಮಧ್ಯಾಹ್ನ ಪ್ಯಾಂಟಿನ ಮೊಣಕಾಲಿಗೆ ತೇಪೆ ಹಾಕಿಸಲು ಬಂದವನನ್ನು ಚಿಕ್ಕಮ್ಮ ಹಿತ್ತಲಿಗೆ ಕರೆದುಕೊಂಡು ಹೋಗಿ ಗಿಡ ತೋರಿಸಿದಳು. ಅವನು ಎಲೆ ಸವರಿ, ಮಣ್ಣಿಗೆ ಬೆರಳಿಟ್ಟು, ನಕ್ಕ.

"ಚಿಕ್ಕಮ್ಮಾ, ಇದಕ್ಕೆ ಸುಖ ಜಾಸ್ತಿ ಆಗಿದೆ. ಇಷ್ಟು ನೀರು, ಇಷ್ಟು ಯೂರಿಯಾ, ಮೇಲೆ ನೆರಳು ಬೇರೆ. ಹೂ ಬಿಡೋ ದರ್ದು ಏನಿದೆ ಇದಕ್ಕೆ? ನೀವು ಹೀಗೇ ನೋಡ್ಕೊಂಡ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಎಲೆ ಎಣಿಸ್ತಾ ಇರ್ಬೇಕು ಅಷ್ಟೆ."

"ಮತ್ತೇನು ಮಾಡ್ಬೇಕಪ್ಪ?"

"ಸುಡೋ ಬಿಸಿಲಿಗೆ ಹಾಕಿ. ಚಳಿ ಶುರುವಾದಾಗ ನೀರು ನಿಲ್ಸಿಬಿಡಿ. ಎಲೆ ಎಲ್ಲ ಉದುರಿ ಬೋಳು ಕಡ್ಡಿ ಆಗುತ್ತೆ, ಸತ್ತೇ ಹೋಯ್ತು ಅನ್ನಿಸುತ್ತೆ. ಹೆದರ್ಬೇಡಿ. ಬಿಸಿಲು ಏರಿದ ಹಾಗೆ ತುದೀಲಿ ಮೊಗ್ಗು ಬರುತ್ತೆ. ಆಮೇಲೆ ಒಂದಿಷ್ಟು ಮೂಳೆಪುಡಿ, ಬೂದಿ. ಬೋಳಾಗಿದ್ದಾಗ ಮಾತ್ರ ನೀರು ಸುರೀಬೇಡಿ, ಬುಡ ಕೊಳೆತುಹೋಗುತ್ತೆ. ಕೊಂಬೆ ಕಡಿದು ನೆಡೋದಾದ್ರೂ ಅಷ್ಟೆ, ಹತ್ತು ಹದಿನೈದು ದಿನ ನೆರಳಲ್ಲಿಟ್ಟು ಹಾಲು ಒಣಗಿಸಿ ನೆಡ್ಬೇಕು. ಹಸೀದು ನೆಟ್ರೆ ಕೊಳೆಯುತ್ತೆ."

ಚಿಕ್ಕಮ್ಮನಿಗೆ ನಿಧಿ ಸಿಕ್ಕಷ್ಟು ಖುಷಿಯಾಯಿತು. ಅವನಿಗೊಂದು ಲೋಟ ಚಹಾ ಕೊಟ್ಟು ಕಳಿಸಿ, ನಾಳೆಯೇ ತೊಟ್ಟಿ ಬಿಸಿಲಿಗೆ ಎಳೆಸುತ್ತೇನೆ ಅಂದುಕೊಂಡು ಬಂದು ಮಣೆಯ ಮೇಲೆ ಕೂತಳು. ಅಂಗಡಿಯಲ್ಲಿ ಮಾಸ್ತರರ ಹಳೆಯ ಗಿರಾಕಿಯೊಬ್ಬರು ಕೋಟಿನ ಅಳತೆ ಕೊಡುತ್ತ ನಿಂತಿದ್ದರು. "ಹೇಗಿದೆ ಮಾಸ್ತರೇ ಹೊಸ ಸಂಸಾರ?" ಅಂತ ಕೇಳಿದರು.

ಮಾಸ್ತರು ಟೇಪು ಹಿಡಿದು ಅವರ ಭುಜ ಅಳೆಯುತ್ತಲೇ ಅಂದರು. "ಸಂಸಾರ ಏನು ಬಿಡಿ. ಬೇಯಿಸಿ ಹಾಕೋಕೆ ಒಬ್ಬಳು ಬೇಕಿತ್ತು, ಬಂದಿದ್ದಾಳೆ. ಆ ಹಿತ್ತಲ ಗಿಡ ಒಂದು ಹೂ ಬಿಟ್ಟುಬಿಡ್ಲಿ ಸಾರ್, ನನ್ನವಳು ಮನೆಗೆ ವಾಪಸ್ ಬಂದಷ್ಟು ಆಗುತ್ತೆ ನನಗೆ."

ಚಿಕ್ಕಮ್ಮ ಮೂರು ಅಡಿ ದೂರದಲ್ಲಿ ಕೂತು ಅದೇ ಗಿರಾಕಿಯ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಮಾಸ್ತರು ದನಿ ತಗ್ಗಿಸಿಯೂ ಹೇಳಲಿಲ್ಲ. ಮೂಲೆಯಲ್ಲಿ ಮೂರನೆಯದೊಂದು ಮಿಶಿನ್ನು ಇದ್ದರೆ ಅದರ ಎದುರು ಹೇಗೆ ಮಾತಾಡುತ್ತಿದ್ದರೋ ಹಾಗೆ ಆಡಿದರು. ಬೈದಿದ್ದರೆ ಅವಳು ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಇದಕ್ಕೆ ಅಳುವೂ ಬರಲಿಲ್ಲ. ಗುಂಡಿಗೆ ಕೊನೆಯ ಗಂಟು ಹಾಕಿ, ದಾರ ಹಲ್ಲಲ್ಲಿ ಕಚ್ಚಿ ಕಡಿದು, ಎದ್ದು ಹಿತ್ತಲಿಗೆ ಹೋಗಿ ಗಿಡಕ್ಕೆ ಇನ್ನೊಂದು ಕೊಡ ನೀರು ಸುರಿದಳು. ಬರಲಿ ನೋಡೋಣ ಅದು ಹೇಗೆ ವಾಪಸ್ಸು ಬರುತ್ತಾಳೋ ಅಂದುಕೊಂಡಳು.

ಅವತ್ತಿನಿಂದ ಅವಳು ಹೊಸದೇನನ್ನೂ ಮಾಡಲಿಲ್ಲ. ಅದೇ ಕೊಡ, ಅದೇ ಯೂರಿಯಾ, ಅದೇ ತಗಡಿನ ನೆರಳು. ಮೊದಲು ತಿಳಿಯದೆ ಮಾಡುತ್ತಿದ್ದದ್ದನ್ನು ಈಗ ತಿಳಿದು ಮಾಡಿದಳು, ಅಷ್ಟೆ ವ್ಯತ್ಯಾಸ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗಿಡ ಒಣಗಿದರೆ ತಾನೇ ಜನ ಬೆರಳು ತೋರಿಸುವುದು? ಗಿಡ ದಷ್ಟಪುಷ್ಟವಾಗಿ ಚಪ್ಪರಕ್ಕೆ ತಲೆ ತಾಗಿಸಿ ನಿಂತಿತ್ತು. ಇಸ್ತ್ರಿಯವನ ಹೆಂಡತಿ ಬಂದವರಿಗೆಲ್ಲ ಅದನ್ನು ತೋರಿಸಿ, "ನೋಡಿ, ಸವತಿ ಗಿಡ ಅಂತ ಭೇದ ಮಾಡದೆ ಹೊಟ್ಟೇಲಿ ಹುಟ್ಟಿದ ಮಗು ಥರ ಸಾಕಿದ್ದಾರೆ ನಮ್ಮ ಚಿಕ್ಕಮ್ಮ. ಇಂಥ ಮನಸ್ಸು ಯಾರಿಗೆ ಬರುತ್ತೆ?" ಅನ್ನುತ್ತಿದ್ದಳು. ಚಿಕ್ಕಮ್ಮ ತಲೆ ತಗ್ಗಿಸಿ, "ಅಯ್ಯೋ, ನಂದೇನಿದೆ ಬಿಡಿ" ಅನ್ನುತ್ತಿದ್ದಳು. ಆ ಹೊಗಳಿಕೆಯ ರುಚಿ ಅವಳಿಗೆ ಹತ್ತಿಹೋಗಿತ್ತು. ಗಂಡನಿಂದ ಸಿಗದ ಮಾತು ಬೀದಿಯಿಂದ ಪುಕ್ಕಟೆ ಸಿಗುತ್ತಿತ್ತು, ಅದೂ ಮಾಡಬಾರದ್ದನ್ನು ಮಾಡಿದ್ದಕ್ಕೆ.

ಒಮ್ಮೆ ಒಂದು ಕೊಂಬೆ ತಗಡಿನ ಸಂದಿಯಿಂದ ಹೊರಗೆ ಬಾಗಿ ಬಿಸಿಲು ಕಂಡಿತು. ಬೇಸಿಗೆಯ ಒಂದು ಬೆಳಿಗ್ಗೆ ಅದರ ತುದಿಯಲ್ಲಿ ಎಲೆಯಲ್ಲದ್ದೇನೋ ಗುಬುಟುಗುಬುಟಾಗಿ ಗೊಂಚಲು ಕಟ್ಟಿತ್ತು. ಮೊಗ್ಗಿನ್ನೂ ಹಸಿರು, ಬಣ್ಣ ತೋರಿರಲಿಲ್ಲ. ಚಿಕ್ಕಮ್ಮ ಒಂದು ಗಳಿಗೆ ನೋಡಿದಳು. ಒಳಗೆ ಮಾಸ್ತರರ ಮಿಶಿನ್ನು ಕಟಕಟ ಓಡುತ್ತಿತ್ತು. ಉಗುರಿನಲ್ಲಿ ಗೊಂಚಲನ್ನು ಬುಡಸಮೇತ ಚಿವುಟಿದಳು. ಬಿಳಿ ಹಾಲು ಸುರಿದು ಬೆರಳಿಗೆ ಅಂಟಿತು. ಸೆರಗಿಗೆ ಒರೆಸಿದರೆ ಕಲೆಯಾಗುತ್ತದೆ ಎಂದು ಒಂದು ಚಿಂದಿ ಹುಡುಕಿ ಒರೆಸಿ, ಮೊಗ್ಗನ್ನು ಅದರಲ್ಲೇ ಸುತ್ತಿ ಚೀಲಕ್ಕೆ ತುರುಕಿದಳು. ಒಂದು ವಾರ ಬೆರಳ ತುದಿ ಉರಿಯಿತು. ಸೂಜಿ ಹಿಡಿದಾಗಲೆಲ್ಲ ಉರಿಯಿತು. ಆದರೂ ಮನಸ್ಸಿಗೆ ತಂಪೆನಿಸಿತು ಅವಳಿಗೆ, ಸುಳ್ಳು ಯಾಕೆ ಹೇಳಬೇಕು.

ಮಗಳು ಮದುವೆಯಾಗಿ ಅರ್ಧ ದಿನ ಬಸ್ಸಿನ ದಾರಿಯ ಊರಿಗೆ ಹೋದಳು. ಹೊರಡುವ ದಿನ ಚಿಕ್ಕಮ್ಮನ ಹತ್ತಿರ ಬಂದು, "ಅಮ್ಮನ ಗಿಡದ್ದು ಒಂದು ಕೊಂಬೆ ಕೊಡ್ತೀರಾ?" ಅಂತ ಕೇಳಿದಳು. ಅಪ್ಪನಿಗೆ ನೀನು ಅನ್ನುವ ಹುಡುಗಿ ಇವಳಿಗೆ ಬಂದ ದಿನದಿಂದ ನೀವು ಅನ್ನುತ್ತಿದ್ದಳು. ಅದು ಮರ್ಯಾದೆಯಲ್ಲ, ಬೇಲಿ.

"ಕೊಡದೆ ಏನು ಮಗಾ, ನಿಮ್ಮಮ್ಮಂದೇ ಅಲ್ವಾ" ಅಂದು ಚಿಕ್ಕಮ್ಮ ದಪ್ಪ ಕೊಂಬೆಯೊಂದನ್ನು ಕೊಯ್ದು, ಹಾಲು ತೊಟ್ಟಿಕ್ಕುತ್ತಿದ್ದ ಹಾಗೆಯೇ ಒದ್ದೆ ಬಟ್ಟೆ ಸುತ್ತಿ ಕೈಗಿತ್ತಳು. "ಹೋದ ತಕ್ಷಣ ನೆಟ್ಟುಬಿಡು. ಹಸಿ ಆರೋಕೆ ಬಿಡ್ಬೇಡ. ಚೆನ್ನಾಗಿ ನೀರು ಹಾಕು."

ಹುಡುಗಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು. ಕೊಂಬೆ ಕಪ್ಪಾಗಿ ಕೊಳೆತು ಬಿತ್ತು. ಫೋನಿನಲ್ಲಿ ಅಳುತ್ತ, "ಅಮ್ಮನಿಗೇ ನನ್ನ ಮನೆಗೆ ಬರೋಕೆ ಇಷ್ಟ ಇಲ್ಲ ಅನ್ಸುತ್ತೆ ಚಿಕ್ಕಮ್ಮ" ಅಂದಳು. ಚಿಕ್ಕಮ್ಮ, "ಹಾಗೆಲ್ಲ ಅನ್ಕೋಬಾರ್ದು ಮಗಾ" ಅಂತ ಸಮಾಧಾನ ಹೇಳಿ ಫೋನಿಟ್ಟು, ಕಾಜಾ ಹಾಕಲು ಕೂತಳು. ಗಂಡನ ಮೇಲಿನ ಸಿಟ್ಟಿಗೆ ಮಗಳ ಬೆನ್ನಿಗೆ ಬರೆ. ಇದು ಅನ್ಯಾಯ ಅಂತ ಅವಳಿಗೂ ಗೊತ್ತಿತ್ತು. ಗೊತ್ತಿದ್ದರೆ ಬಿಡಬೇಕೆಂಬ ಕಾನೂನೇನಿದೆ? ಕೈ ಒಮ್ಮೆ ಪಳಗಿದ ಮೇಲೆ ಅದರ ಪಾಡಿಗೆ ಅದು ಕೆಲಸ ಮಾಡುತ್ತಿರುತ್ತದೆ.

ವರ್ಷಗಳು ಹೀಗೇ ಉರುಳಿಬಿಡುತ್ತಿದ್ದವೋ ಏನೋ. ಉರುಳಲಿಲ್ಲ, ಯಾಕೆಂದರೆ ಮಾಸ್ತರರ ಕಣ್ಣು ಕೈಕೊಡಲು ಶುರುವಾಯಿತು. ಸಕ್ಕರೆ ಕಾಯಿಲೆ ಒಳಗೊಳಗೇ ಕಣ್ಣನ್ನು ತಿಂದಿತ್ತು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಒಂದು ಕಣ್ಣು ಆಗಲೇ ಹೋಗಿದೆ, ಇನ್ನೊಂದು ಮುಂದಿನ ಮಳೆಗಾಲದವರೆಗೆ ಉಳಿದರೆ ಹೆಚ್ಚು ಅಂದರು. ಟೈಲರನಿಗೆ ಕಣ್ಣು ಹೋದರೆ ಉಳಿಯುವುದಾದರೂ ಏನು? ಮಾಸ್ತರು ಯಾರಿಗೂ ಹೇಳಬೇಡ ಅಂತ ಹೆಂಡತಿಗೆ ತಾಕೀತು ಮಾಡಿದರು. ಆದರೆ ಮುಚ್ಚಿಡುವುದೆಷ್ಟು ದಿನ? ಗಿರಾಕಿಯೊಬ್ಬನ ಒಳ್ಳೇ ಬಟ್ಟೆಗೆ ಗುರುತಿನ ಗೆರೆ ತಪ್ಪಿ ಕತ್ತರಿ ಆಡಿಸಿದರು, ಅಂಗಿಯ ತೋಳು ಹಾಳಾಯಿತು. ಗಿರಾಕಿ ಬಾಯಿಗೆ ಬಂದಂತೆ ಬೈದು ಹೋದ.

ಅವನು ಹೋದ ಮೇಲೆ ಮಾಸ್ತರು ಬಾಗಿಲಿಗೆ ಬೆನ್ನು ಮಾಡಿ ನಿಂತು ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದರು. ದಾರವನ್ನು ಎಂಜಲು ಮಾಡಿ, ಹುರಿ ಮಾಡಿ, ಸೂಜಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಮತ್ತೆ ಮತ್ತೆ ಚುಚ್ಚುತ್ತಿದ್ದರು. ದಾರ ಪ್ರತಿ ಸಲವೂ ಸೂಜಿಯ ಪಕ್ಕದ ಗಾಳಿಗೆ ಹೋಗುತ್ತಿತ್ತು. ಚಿಕ್ಕಮ್ಮ ಎದ್ದು ಹೋಗಿ ಮಾತಿಲ್ಲದೆ ಸೂಜಿ ತೆಗೆದುಕೊಂಡು ಪೋಣಿಸಿ ಕೊಟ್ಟಳು. ಅವರು ಸೂಜಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿದರು.

"ನೋಡು, ನನಗೆ ಇನ್ನೇನೂ ಬೇಡ. ಕಣ್ಣು ಪೂರ್ತಿ ಹೋಗೋ ಮೊದಲು ಆ ಗಿಡ ಒಂದ್ಸಲ ಹೂ ಬಿಟ್ಟು, ಬಣ್ಣ ಯಾವುದು ಅಂತ ನೋಡ್ಬಿಟ್ರೆ ಸಾಕು. ಅವಳು ಹೇಳದೆ ಹೋದ್ಲು. ಕತ್ತಲೆ ಆದ್ಮೇಲೆ ಆ ಒಂದು ಬಣ್ಣ ಇಟ್ಕೊಂಡು ಕೂತಿರ್ತೀನಿ" ಅಂದರು. ಆಮೇಲೆ ಅವಳ ಕಡೆಗೆ, ಅಂದರೆ ಅವಳು ಇದ್ದಾಳೆಂದು ಅಂದಾಜಿಸಿದ ಕಡೆಗೆ ತಿರುಗಿ, "ನೀನು ಇಷ್ಟು ವರ್ಷ ಅದಕ್ಕೆ ನೀರು ಹೊತ್ತು ಹೊತ್ತು ಸಾಕಾಗಿದೀಯ. ನನಗೆ ಗೊತ್ತು" ಅಂದರು.

ಈ ಮನುಷ್ಯ ಅವಳಿಗೆ ಹೇಳಿದ ಮೊದಲ ಒಳ್ಳೇ ಮಾತು ಅದು. ಅದೂ ಯಾವುದಕ್ಕೆ! ಚಿಕ್ಕಮ್ಮ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಆ ಮಧ್ಯಾಹ್ನವೇ ಇಸ್ತ್ರಿಯವನನ್ನು ಕರೆದು, ಇಬ್ಬರೂ ಸೇರಿ ತೊಟ್ಟಿಯನ್ನು ಚಪ್ಪರದಿಂದ ಎಳೆದು ಹಿತ್ತಲ ನಡುವಿನ ರಣಬಿಸಿಲಿಗೆ ತಂದಿಟ್ಟರು. ಚಳಿ ಆಗತಾನೇ ಶುರುವಾಗುತ್ತಿತ್ತು. ನೀರಿನ ಕೊಡ ಮಗುಚಿ ಹಾಕಿದಳು.

ಗಿಡ ಹೇಳಿದ ಹಾಗೇ ಕೇಳಿತು. ಎಲೆ ಹಳದಿಯಾಗಿ ಒಂದೊಂದೇ ಉದುರಿ, ಬೋಳು ಕೊಂಬೆಗಳು ಮಾತ್ರ ಉಳಿದವು. ಇಷ್ಟು ದಿನ ಕುರುಡಾಗಿದ್ದ ಬೀದಿಗೆ ಈಗ ಕಣ್ಣು ಬಂತು.

"ಏನ್ ಚಿಕ್ಕಮ್ಮ, ಗಿಡ ಹೀಗಾಗಿದೆ? ನೀರು ಹಾಕ್ತಿಲ್ವಾ?" ಅಂತ ಇಸ್ತ್ರಿಯವನ ಹೆಂಡತಿ ಕೇಳಿದಳು.

"ಹಾಕ್ತಿಲ್ಲ."

"ಯಾಕೆ?"

ಯಾಕೆ? ಬಾಯಿಗೆ ಬಿಸಿ ತುಪ್ಪ ಬಿದ್ದಂತಾಯಿತು, ನುಂಗಲೂ ಆಗದು ಉಗುಳಲೂ ಆಗದು. ಹೀಗೆ ಮಾಡಿದರೆ ಹೂ ಬರುತ್ತದೆ ಅಂದರೆ, ಮತ್ತೆ ಇಷ್ಟು ವರ್ಷ ಯಾಕೆ ಮಾಡಲಿಲ್ಲ ಅನ್ನುವ ಮಾತು ಅದರ ಬೆನ್ನಿಗೇ ಬರುತ್ತದೆ. "ಸುಮ್ನೆ" ಅಂದಳು ಚಿಕ್ಕಮ್ಮ.

ಸುಮ್ಮನೆ ಅನ್ನುವುದು ಬೀದಿಗೆ ಸಾಕಾಗುವ ಉತ್ತರವಲ್ಲ. ಗಂಡನಿಗೆ ಕಣ್ಣು ಕಾಣುವುದಿಲ್ಲ ಅನ್ನುವ ಧೈರ್ಯದ ಮೇಲೆ ಸವತಿಯ ಗಿಡವನ್ನು ಒಣಗಿಸಿ ಸಾಯಿಸುತ್ತಿದ್ದಾಳೆ ಎಂದು ನಲ್ಲಿಯ ಹತ್ತಿರ ಪಂಚಾಯಿತಿ ತೀರ್ಮಾನವಾಯಿತು. ಹೂ ಬಿಡದಂತೆ ತಡೆದಾಗ ಹೊಗಳಿದ ಬಾಯಿಗಳೇ ಅರಳಿಸಲು ಹೊರಟಾಗ ಉಗಿದವು. ನಗು ಬರುತ್ತದೆ ಅಲ್ಲವೇ? ಚಿಕ್ಕಮ್ಮನಿಗೂ ಒಂದೊಂದು ಸಲ ಬರುತ್ತಿತ್ತು.

ಬಿಸಿಲು ಏರಿತು. ಒಂದು ಬೆಳಿಗ್ಗೆ ಅತಿ ಎತ್ತರದ ಕೊಂಬೆಯ ತುದಿಯಲ್ಲಿ ಕಡಲೆ ಗಾತ್ರದ ಮೊಗ್ಗುಗಳ ಗೊಂಚಲು ಕಂಡಿತು. ಚಿಕ್ಕಮ್ಮ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಿದಳು, ತನ್ನ ಕೈಯನ್ನು ತಾನೇ ನಂಬದವಳಂತೆ. ಬಿಸಿಲು ಇದ್ದಾಗ ಮಾಸ್ತರರಿಗೆ ಆ ಒಂದು ಕಣ್ಣಿನಲ್ಲಿ ಬಣ್ಣ ಇನ್ನೂ ತಿಳಿಯುತ್ತಿತ್ತು. ಅರಳಿದ ದಿನ ಕೈ ಹಿಡಿದು ಕರೆತಂದು ನಿಲ್ಲಿಸುತ್ತೇನೆ, ಅಲ್ಲಿಯವರೆಗೆ ಉಸಿರು ಬಿಡುವುದಿಲ್ಲ ಅಂತ ತೀರ್ಮಾನಿಸಿದಳು. ಅವಳ ಇಡೀ ಸಂಸಾರದಲ್ಲಿ ಅವಳು ಸುಖವಾಗಿದ್ದದ್ದು ಆ ಕೆಲವು ದಿನವೇ ಇರಬೇಕು. ಕಾಜಾ ಹಾಕುತ್ತ ಗುನುಗುತ್ತಿದ್ದಳಂತೆ.

ಅಷ್ಟರಲ್ಲಿ ಅವಳ ಅಣ್ಣ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಅತ್ತಿಗೆಯೂ ಇಲ್ಲದ ಒಂಟಿ ಮನುಷ್ಯ, ಆಸ್ಪತ್ರೆಯಲ್ಲಿ ನೋಡಿಕೊಳ್ಳುವವರಿಲ್ಲ. ಮಾಸ್ತರರ ಜೊತೆಗಿರಲು ಮಗಳಿಗೆ ಹೇಳಿಕಳಿಸಿ, ಚಿಕ್ಕಮ್ಮ ಹೊರಟಳು. ಹೊಸ್ತಿಲು ದಾಟುವಾಗ ಗಂಡನಿಗೆ ಮೂರು ಸಲ ಹೇಳಿದಳು. "ರೀ, ಆ ಗಿಡಕ್ಕೆ ಯಾರೂ ನೀರು ಹಾಕ್ಬಾರ್ದು. ಒಂದು ಹನಿನೂ ಬೇಡ. ಮಗಳಿಗೂ ಹೇಳಿ."

ಮಗಳು ಬಂದಳು. ಬಸ್ಸಿಳಿದು ಬರುವಷ್ಟರಲ್ಲೇ ಇಸ್ತ್ರಿಯವನ ಹೆಂಡತಿ ಅವಳ ಕಿವಿ ತುಂಬಿಸಿದ್ದಳು. ಹಿತ್ತಲಿಗೆ ಹೋಗಿ ನೋಡಿದರೆ ಅಮ್ಮನ ಗಿಡ ಬೋಳು ಅಸ್ಥಿಪಂಜರ, ಮಣ್ಣು ಬಿರುಕು ಬಿಟ್ಟಿದೆ. ತುದಿಯ ಗೊಂಚಲು ಎತ್ತರದಲ್ಲಿದ್ದು ಅವಳಿಗೆ ಕಾಣಲಿಲ್ಲ, ಕಂಡರೂ ಅದು ಮೊಗ್ಗೆಂದು ತಿಳಿಯುತ್ತಿರಲಿಲ್ಲ. ಆ ಗಿಡದ ಮೊಗ್ಗನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದರೆ ತಾನೇ?

"ನೀರು ಹಾಕ್ಬೇಡ ಅಂದಿದ್ದಾಳೆ ನಿನ್ನ ಚಿಕ್ಕಮ್ಮ" ಅಂದರು ಮಾಸ್ತರು.

"ಅನ್ನದೆ ಇರ್ತಾರಾ! ಅಪ್ಪಾ, ನಿನಗೆ ಕಣ್ಣು ಮಂಜಾಗಿದೆ ಅಂತ ಬುದ್ಧೀನೂ ಮಂಜಾಯ್ತಾ?" ಅಂದು ಮಗಳು ಕಣ್ಣೀರು ಒರೆಸಿಕೊಂಡು ಕೊಡ ಎತ್ತಿದಳು. ಬೆಳಿಗ್ಗೆ ಹಾಕಿದಳು, ಮಧ್ಯಾಹ್ನ ಹಾಕಿದಳು, ಸಂಜೆ ಹಾಕಿದಳು. ಸಗಣಿ ಗೊಬ್ಬರ ಕದಡಿ ಸುರಿದಳು. ಇಸ್ತ್ರಿಯವನನ್ನು ಕರೆದು ತೊಟ್ಟಿಯನ್ನು ಮತ್ತೆ ಚಪ್ಪರದ ನೆರಳಿಗೆ ಸರಿಸಿದಳು. ಅವಳು ಅಮ್ಮನಿಗೆ ಮಾಡಲಾಗದ ಆರೈಕೆಯನ್ನೆಲ್ಲ ಆ ಬೋಳು ಕಡ್ಡಿಗೆ ಮಾಡಿದಳು. ಎರಡು ವಾರ ಬಿಡದೆ ಮಾಡಿದಳು.

ಚಿಕ್ಕಮ್ಮ ವಾಪಸ್ಸು ಬಂದವಳು ಚೀಲವನ್ನೂ ಇಳಿಸದೆ ಹಿತ್ತಲಿಗೆ ಹೋದಳು. ಗೊಂಚಲು ಕಪ್ಪಾಗಿ ಮುದುಡಿ ತೊಟ್ಟಿಯ ರಾಡಿಯಲ್ಲಿ ಬಿದ್ದಿತ್ತು. ಬುಡವನ್ನು ಹೆಬ್ಬೆರಳಿನಲ್ಲಿ ಒತ್ತಿದಳು. ಬೆರಳು ಒಳಗೆ ಹೋಯಿತು. ಕಂದು ನೀರು ಒಸರಿ ಗಬ್ಬು ನಾತ ಹೊಡೆಯಿತು.

ಅಂಗಡಿಯ ಕೋಣೆಯಲ್ಲಿ ಮಗಳು ಅಪ್ಪನಿಗೆ ಚಹಾ ಕೊಡುತ್ತಿದ್ದಳು. ಚಿಕ್ಕಮ್ಮ ಕೊಳೆತ ಗೊಂಚಲನ್ನು ಅಂಗೈಯಲ್ಲಿ ಹಿಡಿದು ಒಳಗೆ ನುಗ್ಗಿದಳು. ಇಷ್ಟು ವರ್ಷ ಅಳೆದು ಸುರಿದು ಮಾತಾಡಿದವಳು ಅವತ್ತು ಅಳತೆ ಮರೆತಳು.

"ಕೊಂದೆಯಲ್ಲೇ! ನೀರು ಸುರಿದು ಸುರಿದು ಕೊಂದೆ! ಮೊಗ್ಗು ಬಂದಿತ್ತು ಕಣೇ, ಇನ್ನೊಂದು ವಾರಕ್ಕೆ ಅರಳ್ತಿತ್ತು! ನಿಮ್ಮಪ್ಪ ನೋಡ್ತಿದ್ರು!"

ಮಗಳು ಅವಳತ್ತ ತಿರುಗಿದಳು. "ನಾನು ಕೊಂದೆನಾ? ಒಣಗಿಸಿ ಇಟ್ಟಿದ್ದು ನೀವು."

"ಒಣಗಿಸಿದ್ರೇನೇ ಇದು ಹೂ ಬಿಡೋದು! ಬಿಸಿಲಿಗೆ ಹಾಕಿ, ನೀರು ನಿಲ್ಸಿ, ಎಲೆ ಉದುರಿದ ಮೇಲೇ ಮೊಗ್ಗು ಬರೋದು. ಬೋಳಾಗಿದ್ದಾಗ ನೀರು ಹಾಕಿದ್ರೆ ಕೊಳೆಯುತ್ತೆ!"

"ಹಾಗಂತ ಯಾರು ಹೇಳಿದ್ರು ನಿಮಗೆ?"

"ಆ ತಳ್ಳುಗಾಡಿಯವನು. ಸಸಿ ಮಾರ್ತಿದ್ನಲ್ಲ, ಅವನು."

ಮಾಸ್ತರು ಚಹಾದ ಲೋಟವನ್ನು ತಡವಿ ಮೇಜಿನ ಮೇಲಿಟ್ಟರು. ಮೂವತ್ತು ವರ್ಷ ಜನರ ಅಳತೆ ತೆಗೆದ ಮನುಷ್ಯ, ಎಲ್ಲಿ ಬಟ್ಟೆ ಸೇರುವುದಿಲ್ಲವೋ ಅಲ್ಲಿಗೇ ಕೈ ಹೋಗುತ್ತದೆ.

"ಅವನು ಸತ್ತು ಆರೇಳು ವರ್ಷ ಆಯ್ತಲ್ಲ" ಅಂದರು ಮೆಲ್ಲಗೆ. "ಅವನ ಪ್ಯಾಂಟಿನ ಮೊಣಕಾಲಿಗೆ ತೇಪೆ ಹಾಕ್ದಾಗ ನೀನು ಬಂದ ಹೊಸದು."

ಚಿಕ್ಕಮ್ಮನ ಕೈಯಿಂದ ಗೊಂಚಲು ಕೆಳಗೆ ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳು ಯಾರೂ ಕಳ್ಳಿ ಅನ್ನುವ ಮೊದಲೇ ಕುಂಬಳಕಾಯಿಯನ್ನು ತಂದು ಎದುರಿಗೇ ಇಟ್ಟಿದ್ದಳು.

"ಹಾಗಾದ್ರೆ ಇಷ್ಟು ವರ್ಷ?" ಅಂದಳು ಮಗಳು. ಆಮೇಲೆ ಬೇರೆಯೇ ದನಿಯಲ್ಲಿ, "ನನಗೆ ಕೊಟ್ಟ ಕೊಂಬೆ?" ಅಂದಳು. "ನೀನು ಹೆಂಗಸಾ?" ಅಂದಳು ಮಗಳು. ನೀವು ಹೋಗಿ ನೀನು ಬಂದದ್ದು ಅವತ್ತೇ.

ಮಾರನೆಯ ದಿನ ಮಗಳು ಅಪ್ಪನ ಬಟ್ಟೆಯನ್ನೆಲ್ಲ ಗಂಟು ಕಟ್ಟಿ, "ನಡಿ ಅಪ್ಪ, ನನ್ನ ಮನೆಗೆ. ಇವಳ ಕೈಯ ನೀರು ಕೂಡ ಬೇಡ ನಿನಗೆ" ಅಂದಳು. ಮಾಸ್ತರು ಸ್ಟೂಲಿನಿಂದ ಏಳಲಿಲ್ಲ. "ನಾನು ಇಲ್ಲೇ ಇರ್ತೀನಿ ಮಗಾ. ನನಗೆ ಇವಳು ಬೇಕು" ಅಂದರು. ಮಗಳು ಅತ್ತಳು, ಬೈದಳು, ಕಾಲು ಹಿಡಿದಳು. ಅವರು ಜಗ್ಗಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಚಿಕ್ಕಮ್ಮನಿಗೆ ನಂಬಲಾಗಲಿಲ್ಲ. ಇವಳು ಬೇಕು! ಎಂಥ ಪಾಪ ಮಾಡಿದ ಮೇಲೂ ಈ ಮನುಷ್ಯ ಆಡಿದ ಮಾತು ನೋಡಿ. ಅವಳು ಅವರ ಪಾದದ ಹತ್ತಿರ ಕೂತು ಬಿಕ್ಕಿ ಬಿಕ್ಕಿ ಅತ್ತಳು, ಇನ್ನು ಸಾಯುವ ತನಕ ಇವರ ಕಣ್ಣಾಗಿರುತ್ತೇನೆ ಅಂದುಕೊಂಡಳು.

ಮಳೆಗಾಲದ ಹೊತ್ತಿಗೆ ಡಾಕ್ಟರು ಹೇಳಿದಂತೆಯೇ ಕತ್ತಲೆ ಪೂರ್ತಿಯಾಯಿತು. ಕತ್ತಲೆಯಾದ ಮೊದಲ ಬೆಳಿಗ್ಗೆ ಮಾಸ್ತರು, "ನನ್ನ ಕೈ ಹಿಡಿ. ಗಿಡದ ಹತ್ತಿರ ಕರ್ಕೊಂಡು ಹೋಗು" ಅಂದರು. ತೊಟ್ಟಿಯಲ್ಲಿ ಕೊಳೆತು ಒಣಗಿದ ಮೋಟು ಹಾಗೇ ನಿಂತಿತ್ತು. ಅದನ್ನು ಕೀಳಲು ಅವರು ಬಿಟ್ಟಿರಲಿಲ್ಲ. ಕುರ್ಚಿ ಹಾಕಿಸಿಕೊಂಡು ಅದರೆದುರು ಕೂತು, ಮಗುವನ್ನು ಕೇಳುವಷ್ಟು ಅಕ್ಕರೆಯ ದನಿಯಲ್ಲಿ ಕೇಳಿದರು.

"ಯಾವ ಬಣ್ಣ ಬಿಟ್ಟಿದೆ ಹೇಳು."

ಚಿಕ್ಕಮ್ಮ ಬೆಪ್ಪಾದಳು. ಕಣ್ಣಿನ ಜೊತೆ ತಲೆಯೂ ಹೋಯಿತೇನೋ ಎಂದು ಹೆದರಿ, ಅವರ ಸಮಾಧಾನಕ್ಕೆ, "ಬಿಳಿ ರೀ" ಅಂದಳು.

"ಬಿಳೀನಾ. ಸರಿ" ಅಂದು ಬಹಳ ಹೊತ್ತು ಕೂತಿದ್ದು ಎದ್ದರು. ಮರುದಿನ ಮತ್ತೆ ಕರೆದುಕೊಂಡು ಹೋಗೆಂದರು. "ಯಾವ ಬಣ್ಣ?" "ಬಿಳಿ." "ನಿನ್ನೆ ಬಿಳಿ ಅಂದಿದ್ದೆ. ಸರಿಯಾಗಿ ನೋಡಿ ಹೇಳು." ತಲೆ ನೆಟ್ಟಗೇ ಇದೆ ಎಂದು ಅವಳಿಗೆ ಆಗ ತಿಳಿಯಿತು.

ಅದು ನಿತ್ಯದ ಕೆಲಸವಾಯಿತು. ಬಣ್ಣ ಹೇಳುವ ತನಕ ತುತ್ತು ಮುಟ್ಟುವುದಿಲ್ಲ. ಹೇಳಿದ್ದನ್ನೇ ಹೇಳಿದರೆ ಒಪ್ಪುವುದಿಲ್ಲ. ಅಂಗಡಿಗೆ ಯಾರಾದರೂ ಬಂದರೆ ಅವರನ್ನೂ ಹಿತ್ತಲಿಗೆ ಕರೆದು, "ಬನ್ನಿ, ನಮ್ಮವಳು ಸಾಕಿದ ಗಿಡ ಇವತ್ತು ಯಾವ ಬಣ್ಣ ಬಿಟ್ಟಿದೆ ಅಂತ ಅವಳ ಬಾಯಿಂದಲೇ ಕೇಳಿ" ಅನ್ನುತ್ತಾರೆ. ಬೈಯುವುದಿಲ್ಲ, ಕೈ ಎತ್ತುವುದಿಲ್ಲ. ಬಂದವರು ಮೋಟನ್ನು ನೋಡಿ, ಅವಳನ್ನು ನೋಡಿ, ಬೀದಿಗೆ ಹೋಗಿ ನಗುತ್ತಾರೆ. ಗೊತ್ತಿದ್ದ ಬಣ್ಣಗಳೆಲ್ಲ ಬೇಗ ಖಾಲಿಯಾದವು. ಈಗ ಅಂಗಡಿಯ ಕಂಬಿಯ ಮೇಲೆ ರಿಪೇರಿಗೆ ಬಂದ ಬಟ್ಟೆ ನೋಡಿಕೊಂಡು ಹೋಗಿ ಹೇಳುತ್ತಾಳೆ. ಇಟ್ಟಿಗೆ ಬಣ್ಣ, ಗಿಣಿಹಸಿರು, ಬೂದು.

ಒಂದು ಬೆಳಿಗ್ಗೆ ಅವಳಿಗೆ ತಡೆಯಲಾಗಲಿಲ್ಲ. ಒದ್ದೆ ಮಣ್ಣಿನಲ್ಲೇ ಮಂಡಿಯೂರಿ ಅವರ ಎರಡೂ ಕೈ ಹಿಡಿದುಕೊಂಡಳು.

"ಹೂ ಇಲ್ಲ ರೀ. ಗಿಡ ಸತ್ತಿದೆ. ನಾನೇ ಕೊಂದೆ. ಅವಳು ವಾಪಸ್ ಬರಬಾರ್ದು ಅಂತ ಕೊಂದೆ. ನೀವು ಒಂದು ದಿನ ಆದ್ರೂ ನನ್ನ ಕಡೆ ನೋಡಿದ್ರೆ ಮಾಡ್ತಿರ್ಲಿಲ್ಲ. ಸಾಕು ಮಾಡಿ, ನಿಮ್ಮ ದಮ್ಮಯ್ಯ."

ಮಾಸ್ತರು ಕೈ ಬಿಡಿಸಿಕೊಳ್ಳಲಿಲ್ಲ. ಅವಳ ಬೆರಳುಗಳನ್ನು ಒಂದೊಂದಾಗಿ ತಡವಿ, ಸೂಜಿ ಚುಚ್ಚಿ ದಡ್ಡುಗಟ್ಟಿದ ತುದಿಗಳನ್ನು ಸವರಿದರು. ಅಷ್ಟು ಮೆತ್ತಗೆ ಅವರು ಅವಳನ್ನು ಯಾವತ್ತೂ ಮುಟ್ಟಿರಲಿಲ್ಲ.

"ಗೊತ್ತು" ಅಂದರು. "ಬಣ್ಣ ಹೇಳು."

"ಮಣ್ಣುಗೆಂಪು" ಅಂದಳು ಚಿಕ್ಕಮ್ಮ.